ಬೀಗದ ಕೈ ಯಾರ ಬಳಿ?
(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದ ಕೂಲಿಗಾರನಿಗೆ ನಾಲ್ಕು ಜನರೊಡನೆ ಕೂತು ಮಾತನಾಡಲು, ಪತ್ರಿಕೆ ಓದಲು, ಮಗಳ ಮದುವೆ ಮಾಡಲು ಒಂದು ಸೂರು ಬೇಡವೇ? ಧನಿಕರಿಗೆ ಕ್ಲಬ್ಬಿದೆ, ನಮಗೆ ಚಹದಂಗಡಿಯ ಬೆಂಚು!

ಇಂಗ್ಲೆಂಡಿನ 2011ರ ಕಾಯಿದೆಯಂತೆ, ಊರವರಿಗೆ ಬೇಕಾದದ್ದೆಂದು ಪಟ್ಟಿಗೆ ಸೇರಿದ ಕಟ್ಟಡವನ್ನು ಮಾಲೀಕ ಮಾರಹೊರಟರೆ, ಹಣ ಹೊಂದಿಸಲು ಊರವರಿಗೆ 6 ತಿಂಗಳ ಅವಧಿಯುಂಟು. ಅವಧಿಯಿದ್ದು ಹಣವಿಲ್ಲದಿದ್ದರೆ ಏನು ಫಲ? 2021ರಲ್ಲಿ ಬ್ರಿಟಿಷ್ ಸರ್ಕಾರ ಇಂಥ ಖರೀದಿ, ದುರಸ್ತಿಗಳಿಗಾಗಿ 15 ಕೋಟಿ ಪೌಂಡಿನ ನಿಧಿ ತೆರೆಯಿತು. ಮೊದಲು ಖರ್ಚಿನ ಅರ್ಧದವರೆಗೆ, 2023ರಿಂದ ಶೇಕಡಾ 80ರವರೆಗೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿಯೂ ಬಿಟ್ಟಿತು.

ಪಾಠವಿಷ್ಟೆ: ಸರ್ಕಾರದ ನಿಧಿ ನಿಂತುಹೋಗಬಹುದು, ಊರವರ ಹೆಸರಿಗಾದ ಕ್ರಯಪತ್ರ ಉಳಿಯುತ್ತದೆ.

ನಮ್ಮಲ್ಲಿ? 1993ರಲ್ಲಿ ಆರಂಭವಾದ ಸಂಸದರ ನಿಧಿಯಲ್ಲಿ ಈಗ ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅದರಿಂದ ಸಮುದಾಯ ಭವನಗಳು ಏಳುತ್ತವೆ. ಕಲ್ಲಿನ ಮೇಲೆ ಹೆಸರು ಅವರದು. ಹಣ ಮಾತ್ರ, ಸಾಬೂನು ಕೊಳ್ಳುವಾಗಲೂ ತೆರಿಗೆ ತೆರುವ ನಿಮ್ಮದು. ಬೀಗದ ಕೈ ಯಾರದು?

ಆದುದರಿಂದ ನಾವು ಕೇಳುವುದು ಭಿಕ್ಷೆಯಲ್ಲ. ಭವನದ ಆಡಳಿತ ಕೇರಿಯವರೇ ಆರಿಸಿದ ಸಮಿತಿಗೆ ಬರಲಿ, ಅದರಲ್ಲಿ ಹೆಂಗಸರಿರಲಿ. ಜಾತಿ ಕೇಳದೆ ಬಾಗಿಲು ತೆರೆಯಲಿ. ಜಮಾಖರ್ಚನ್ನು ಗೋಡೆಗೆ ಹಚ್ಚಲಿ. ಕಟ್ಟಲಷ್ಟೇ ಅಲ್ಲ, ದುರಸ್ತಿಗೂ ಸರ್ಕಾರ ಹಣ ಕೊಡಲಿ. ನಾವೂ ತಿಂಗಳಿಗಿಷ್ಟೆಂದು ಚಂದಾ ಹಾಕೋಣ. ಚಂದಾ ಕೊಟ್ಟವನ ದನಿ ಲೆಕ್ಕ ಕೇಳುವಾಗ ಅಳುಕುವುದಿಲ್ಲ.