ಕೋಟ್ಟಯಂಗೆ ಹೋದ ನಮ್ಮ ಇಂಗ್ಲಿಷ್ ಮೇಷ್ಟ್ರು
(ಮಸ್ಕತ್‌ನಲ್ಲಿ ನಮ್ಮ ಕೂಟದ ರಾಜ್ಯೋತ್ಸವದ ದಿನ ಆಡಿದ ಮಾತಿನ ಬರಹ ರೂಪ)



ರಾಜ್ಯೋತ್ಸವದ ದಿನ ಒಬ್ಬ ಸಾಹಿತಿ ಬಗ್ಗೆ ಯಾರಾದರೂ ನಾಲ್ಕು ಮಾತಾಡೋದು ನಮ್ಮ ಕೂಟದ ಪದ್ಧತಿ. ಈ ಸಲ ಕಾರ್ಯದರ್ಶಿಗಳು ನನ್ನ ಹೆಸರು ಬರೆದುಬಿಟ್ಟರು. ಯು.ಆರ್. ಅನಂತಮೂರ್ತಿಯವರ ಬಗ್ಗೆ ಹೇಳ್ತೀನಿ ಅಂದಾಗ ರೂಮಿನವರೆಲ್ಲ ನಕ್ಕರು. ‘ಅವರು ಜ್ಞಾನಪೀಠದವರು, ನೀನು ವೈರಿಂಗ್‌ನವನು’ ಅಂದರು. ನಿಜ. ನಾನು ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಅದಕ್ಕೇ ಅವರ ಕಾದಂಬರಿಗಳ ತಂಟೆಗೆ ಹೋಗೋದಿಲ್ಲ. ಅವರ ನೌಕರಿ ಬಗ್ಗೆ ಮಾತ್ರ ಹೇಳ್ತೀನಿ. ಯಾಕೆ ಅಂದ್ರೆ ಅವರೂ ನಮ್ಮ ಹಾಗೆ ಬೇರೆ ಭಾಷೆಯ ನಾಡಿಗೆ ಕೆಲಸಕ್ಕೆ ಹೋದವರು.

ಮೊದಲು ನನ್ನದೊಂದು ವಿಷಯ ಹೇಳಬೇಕು. ಹೋದ ವರ್ಷ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಡಿಬಿ ಬದಲಾಯಿಸುತ್ತಿದ್ದೆ. ಕೆಳಗಿನ ಮೇನ್ ಪ್ಯಾನಲ್‌ನಲ್ಲಿ ಲೈನ್ ಆಫ್ ಮಾಡಿ, ‘ಡು ನಾಟ್ ಸ್ವಿಚ್ ಆನ್’ ಅಂತ ಇಂಗ್ಲಿಷ್ ಟ್ಯಾಗ್ ನೇತುಹಾಕಿ ಬಂದಿದ್ದೆ. ಬೀಗ ಇನ್ನೊಂದು ಪ್ಯಾನಲ್‌ನಲ್ಲಿತ್ತು, ಇಲ್ಲಿಗೆ ಹಾಕಲಿಲ್ಲ. ಮಧ್ಯದಲ್ಲಿ ಲಗ್ ತರೋಕೆ ಸ್ಟೋರಿಗೆ ಹೋಗಿ ವಾಪಸ್ ಬಂದು, ಕೈ ಇಡೋ ಮೊದಲು ಅಭ್ಯಾಸದಂತೆ ಟೆಸ್ಟರ್ ಇಟ್ಟೆ. ದೀಪ ಹತ್ತಿತು! ಒಂದು ನಿಮಿಷ ಕಾಲು ನಿಲ್ಲಲಿಲ್ಲ.

ಆನ್ ಮಾಡಿದ್ದು ನಮ್ಮ ಹೆಲ್ಪರ್, ಯಾದಗಿರಿ ಕಡೆಯ ಹುಡುಗ. ಪಂಪ್ ಓಡ್ತಿಲ್ಲ ಅಂತ ಪ್ಲಂಬರ್‌ಗಳು ಕೂಗಿದರು, ಇವನು ಹೋಗಿ ಹ್ಯಾಂಡಲ್ ಎತ್ತಿದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ, ‘ಅಣ್ಣಾ, ನನಗ ಓದಾಕ ಬರಂಗಿಲ್ರಿ. ಇಂಗ್ಲಿಷ್ ಅಲ್ಲ, ಕನ್ನಡಾನೂ ಬರಂಗಿಲ್ಲ’ ಅಂದ. ಒಂದೂವರೆ ವರ್ಷ ಒಂದೇ ತಟ್ಟೆಯಲ್ಲಿ ಊಟ ಮಾಡಿದ್ದೀವಿ, ನನಗೆ ಗೊತ್ತಿರಲಿಲ್ಲ. ಊರಿಗೆ ಮೆಸೇಜ್ ಮಾಡೋ ಬದಲು ಯಾವಾಗಲೂ ಅವನು ಧ್ವನಿ ಕಳಿಸ್ತಿದ್ದದ್ದು ಯಾಕೆ ಅಂತ ಆಗ ತಿಳೀತು.

ನಮ್ಮ ಫೋರ್‌ಮನ್ ಕೋಟ್ಟಯಂ ಕಡೆಯ ಮಲಯಾಳಿ. ಇಬ್ಬರನ್ನೂ ಕೂರಿಸಿ ಚಹಾ ತರಿಸಿದರು. ನನ್ನ ಕಡೆ ತಿರುಗಿ, ‘ಟ್ಯಾಗ್ ಹಾಕಿದೆ, ಸರಿ. ಬೀಗ ಯಾಕೆ ಹಾಕಲಿಲ್ಲ? ಇವನಿಗೆ ಬಾಯಲ್ಲಿ ಯಾಕೆ ಹೇಳಲಿಲ್ಲ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹೇಳಿದರು: ‘ನಾನು ಕಾಲೇಜಿನಲ್ಲಿದ್ದಾಗ ಎನ್ನೆಸ್ಸೆಸ್‌ನವರು ಮನೆಮನೆಗೆ ಹೋಗಿ ಅಕ್ಷರ ಹೇಳಿಕೊಟ್ಟೆವು. ಮೀನು ಮಾರುವ ಅಜ್ಜಿಗೆ ನಾನು ಪಾಠ ಹೇಳಿದ್ದೀನಿ. ಆಗ ನಮ್ಮ ವೈಸ್ ಚಾನ್ಸಲರ್ ನಿಮ್ಮ ಕನ್ನಡದವರೇ, ಅನಂತಮೂರ್ತಿ ಸಾರ್!’

ನಮ್ಮ ಜಿಲ್ಲೆಯ ಮನುಷ್ಯನ ಈ ಕಥೆ ನನಗೆ ಮಲಯಾಳಿ ಬಾಯಲ್ಲಿ ಗೊತ್ತಾಗಬೇಕಾಯ್ತು. ನಾಚಿಕೆಯಾಯ್ತು. ಆವತ್ತಿಂದ ಸಿಕ್ಕಿದ್ದನ್ನೆಲ್ಲ ಓದಿದೆ.

ಅನಂತಮೂರ್ತಿಯವರು ಹುಟ್ಟಿದ್ದು 1932ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಓದು ಶುರು. ಆಮೇಲೆ ತೀರ್ಥಹಳ್ಳಿ, ಮೈಸೂರು. ಮೈಸೂರಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಇಂಗ್ಲಿಷ್ ಮೇಷ್ಟ್ರಾದರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು. ‘ಸಂಸ್ಕಾರ’ ಬರೆದದ್ದು ಅಲ್ಲಿದ್ದಾಗಲೇ. ಸುತ್ತ ಎಲ್ಲ ಇಂಗ್ಲಿಷ್, ಓದುತ್ತಿದ್ದದ್ದು ಇಂಗ್ಲಿಷ್, ಬರೆದದ್ದು ಕನ್ನಡ. ವಾಪಸ್ ಬಂದು ಮೈಸೂರು ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದರು. ಮಕ್ಕಳು ತಾಯ್ನುಡಿಯಲ್ಲೇ ಕಲೀಬೇಕು, ಬಡವರ ಮಕ್ಕಳೂ ಶ್ರೀಮಂತರ ಮಕ್ಕಳೂ ಒಂದೇ ಥರದ ಶಾಲೆಗೆ ಹೋಗಬೇಕು ಅಂತ ವಾದಿಸಿದವರೂ ಇದೇ ಇಂಗ್ಲಿಷ್ ಮೇಷ್ಟ್ರೇ.

1987ರಲ್ಲಿ ಕೋಟ್ಟಯಂ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಹೋದರು. ಈಗ ಅದರ ಹೆಸರು ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ. ಶುರುವಾಗಿ ನಾಲ್ಕೇ ವರ್ಷ ಆಗಿತ್ತು. ಹೊರಗಿನ ಭಾಷೆಯವನು ಬಂದು ಕುರ್ಚಿ ಮೇಲೆ ಕೂತರೆ ಹೇಗಿರುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಕಾಲದಲ್ಲೇ ಅಲ್ಲಿ ಸಾಹಿತ್ಯಕ್ಕೆ ಅಂತ ‘ಸ್ಕೂಲ್ ಆಫ್ ಲೆಟರ್ಸ್’ ಶುರುವಾಯ್ತು. ಅವರ ಕಾಲದಲ್ಲೇ ವಿಶ್ವವಿದ್ಯಾಲಯದ ಎನ್ನೆಸ್ಸೆಸ್ ವಿದ್ಯಾರ್ಥಿಗಳೂ ಜಿಲ್ಲಾಡಳಿತವೂ ಸೇರಿ ಊರಿಗೆಲ್ಲ ಅಕ್ಷರ ಕಲಿಸಲು ಹೊರಟರು. 1989ರ ಜೂನ್‌ನಲ್ಲಿ ಕೋಟ್ಟಯಂ ಪೂರ್ಣ ಸಾಕ್ಷರ ಪಟ್ಟಣ ಅಂತ ಘೋಷಣೆ ಆಯ್ತು, ಇಡೀ ದೇಶದಲ್ಲೇ ಮೊದಲನೆಯದು. 1991ರ ಏಪ್ರಿಲ್ ಹೊತ್ತಿಗೆ ಇಡೀ ಕೇರಳವೇ ಸಾಕ್ಷರ ರಾಜ್ಯ ಅನಿಸಿಕೊಂಡಿತು. ಅದೆಲ್ಲ ಒಬ್ಬರೇ ಮಾಡಿದ ಕೆಲಸ ಅಂತ ನಾನು ಹೇಳಲ್ಲ. ಸಾವಿರಾರು ಜನ ಕೈ ಹಾಕಿದ್ದಾರೆ. ಆದರೆ ಕಾಲೇಜು ಹುಡುಗರು ಪುಸ್ತಕ ಮುಚ್ಚಿ, ಮೀನು ಮಾರುವ ಅಜ್ಜಿ ಹತ್ತಿರ ಹೋಗಿ ಕೂತರಲ್ಲ, ಆಗ ಆ ವಿಶ್ವವಿದ್ಯಾಲಯದ ಯಜಮಾನಿಕೆ ನಮ್ಮ ಮೇಳಿಗೆಯವರ ಕೈಲಿತ್ತು. ಮುಂದೆ ಅವರು ನ್ಯಾಷನಲ್ ಬುಕ್ ಟ್ರಸ್ಟ್, ಸಾಹಿತ್ಯ ಅಕಾಡೆಮಿಗಳ ಅಧ್ಯಕ್ಷರಾದರು, 1994ರಲ್ಲಿ ಜ್ಞಾನಪೀಠವೂ ಬಂತು. ಅದು ನಿಮಗೆಲ್ಲ ಗೊತ್ತಿದ್ದದ್ದೇ.

ಈಗ ನಮ್ಮ ವಿಷಯ. ನಾವು ಪ್ರತಿ ವರ್ಷ ಬಾವುಟ ಹಾರಿಸ್ತೀವಿ, ಹಾಡ್ತೀವಿ, ಹೋಳಿಗೆ ತಿಂತೀವಿ. ತಪ್ಪಲ್ಲ. ಆದರೆ ಓದೋಕೆ ಬಾರದವರು ಇವತ್ತು ಈ ಹಾಲ್‌ನಲ್ಲೇ ಎಷ್ಟು ಜನ ಇದ್ದೀರಿ? ಕೈ ಎತ್ತಿ ಅಂತ ನಾನು ಕೇಳಲ್ಲ. ಯಾರೂ ಎತ್ತಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಮೂರು ತಿಂಗಳಿಂದ ಶುಕ್ರವಾರ ಸಂಜೆ ನಮ್ಮ ಕ್ಯಾಂಪಿನ ಮೆಸ್‌ನಲ್ಲಿ ಆರು ಜನ ಕೂತು ಕಲೀತಾ ಇದ್ದೀವಿ. ಮೊದಲು ಕನ್ನಡ ಅಕ್ಷರ. ಆಮೇಲೆ ಇಂಗ್ಲಿಷ್: ಟ್ಯಾಗ್, ಸಂಬಳದ ಚೀಟಿ, ಸಹಿ ಹಾಕೋ ಕಾಗದ. ಮೊದಲು ಕನ್ನಡ ಯಾಕೆ ಅಂದ್ರೆ, ಅರ್ಥಿಂಗ್ ಕೊಡದೆ ಲೈನ್ ಕೊಡಬಾರದು, ನಮ್ಮ ಟ್ರೇಡಿನಲ್ಲಿ ಅಷ್ಟು ಕಲಿಸಿದ್ದಾರೆ. ಇನ್ನೊಂದು ರೂಲ್ ಇದೆ. ನಮ್ಮ ಪ್ಯಾನಲ್‌ಗಳಿಗೆ ಈಗ ಬೀಗ ತಪ್ಪೋದಿಲ್ಲ, ಟ್ಯಾಗ್ ಮೇಲೆ ಕನ್ನಡದಲ್ಲೂ ಬರೀತೀವಿ.

ಹೋದ ವಾರ ಆ ಯಾದಗಿರಿ ಹುಡುಗ ಮೊದಲ ಸಲ ಅವ್ವನಿಗೆ ಮೆಸೇಜ್ ಬರೆದ. ‘ಊಟ ಆತು’ ಅಂತ ಎರಡೇ ಪದ. ಅವ್ವನಿಗೂ ಓದೋಕೆ ಬರಲ್ಲ. ತಂಗಿ ಓದಿ ಹೇಳಿದಳಂತೆ.

ಕಲಿಸೋಕೆ ಇನ್ನೂ ಇಬ್ಬರು ಬೇಕು. ಡಿಗ್ರಿ ಬೇಕಿಲ್ಲ. ಶುಕ್ರವಾರ ಒಂದು ಗಂಟೆ ಬಿಡುವಿದ್ದವರು, ಊಟ ಆದಮೇಲೆ ಬಾಗಿಲ ಹತ್ತಿರ ನನ್ನನ್ನ ಕಾಣಿ. ಕಲಿಯೋರೂ ಅಲ್ಲೇ ಬನ್ನಿ. ಯಾರು ಯಾವುದಕ್ಕೆ ಬಂದಿರಿ ಅಂತ ಯಾರೂ ಕೇಳಲ್ಲ.