ಮನೆಗೊಂದು ಗಾಳಿಯಂತ್ರ: ಹಾಕಿದ ಹಣ ಮರಳೀತೇ?



ನಂತೂರು ಎತ್ತರದ ಜಾಗ. ಕದ್ರಿ ಗುಡ್ಡದ ಪಕ್ಕದಲ್ಲಿ, 66 ಮತ್ತು 169ನೆಯ ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಈ ಸ್ಥಳದಲ್ಲಿ ಮಧ್ಯಾಹ್ನದ ಮೇಲೆ ನಿಂತರೆ ಕಡಲ ಕಡೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಮಳೆಗಾಲದಲ್ಲಂತೂ ಕೊಡೆ ಹಿಡಿದು ನಡೆಯುವುದೇ ಕಷ್ಟ. ಅದೇ ಹೊತ್ತಿಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದು ಮನೆಯಲ್ಲಿ ಕತ್ತಲೆ. ಇಷ್ಟು ಗಾಳಿ ಪುಕ್ಕಟೆಯಾಗಿ ಬೀಸಿ ಹೋಗುತ್ತಿರುವಾಗ, ಮಾಡಿನ ಮೇಲೊಂದು ಗಾಳಿಯಂತ್ರ ಕೂರಿಸಿದರೆ ದೀಪ, ಫ್ಯಾನು, ಬಾವಿಯ ಪಂಪು ನಡೆಯಲಾರವೇ ಎಂದು ಇಲ್ಲಿನ ಮನೆಯವರೂ ಸುತ್ತಲಿನ ತೋಟದವರೂ ಕೇಳುವುದು ಸಹಜವೇ ಆಗಿದೆ. ಒಂದು ವರ್ಷದ ಅಡಿಕೆಯ ಹಣವನ್ನು ಇದಕ್ಕೆ ಸುರಿಯುವ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಗಾಳಿಯ ಬಲ

ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಗಾಳಿಯಂತ್ರದ ಲಾಭ ನಷ್ಟವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆ. ಇನ್ನೊಂದು ಮಿತಿಯೂ ಉಂಟು. ಯಾವ ಯಂತ್ರವೂ ಗಾಳಿಯ ಶಕ್ತಿಯಲ್ಲಿ ಶೇಕಡಾ 59ಕ್ಕಿಂತ ಹೆಚ್ಚನ್ನು ಹಿಡಿಯಲಾರದು. ಮನೆಬಳಕೆಯ ಸಣ್ಣ ಯಂತ್ರಗಳಲ್ಲಿ ಕೊನೆಗೆ ದಕ್ಕುವುದು ಸುಮಾರು ಕಾಲು ಭಾಗ ಮಾತ್ರ.

ರೆಕ್ಕೆಗಳ ಸುತ್ತಿನ ಅಡ್ಡಳತೆ 2 ಮೀಟರ್ ಇರುವ ಒಂದು ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಈ ಲೆಕ್ಕದಂತೆ ಅದರಿಂದ ಸಿಗುವ ವಿದ್ಯುತ್ತು ಹೀಗಿದೆ:

ಸೆಕೆಂಡಿಗೆ 3 ಮೀಟರ್ ವೇಗದಲ್ಲಿ: ಸುಮಾರು 13 ವ್ಯಾಟ್
ಸೆಕೆಂಡಿಗೆ 6 ಮೀಟರ್ ವೇಗದಲ್ಲಿ: ಸುಮಾರು 100 ವ್ಯಾಟ್
ಸೆಕೆಂಡಿಗೆ 12 ಮೀಟರ್ ವೇಗದಲ್ಲಿ: ಸುಮಾರು 800 ವ್ಯಾಟ್

ಮಾರಾಟಗಾರರ ಹಾಳೆಯಲ್ಲಿ ಅಚ್ಚಾಗಿರುವ ಸಾಮರ್ಥ್ಯ ಬಹುಮಟ್ಟಿಗೆ ಕೊನೆಯ ಸಾಲಿನದು. ಸೆಕೆಂಡಿಗೆ 12 ಮೀಟರ್ ಎಂದರೆ ಗಂಟೆಗೆ 43 ಕಿಲೋಮೀಟರ್ ವೇಗದ ಗಾಳಿ. ಅದು ದೊಡ್ಡ ಕೊಂಬೆಗಳನ್ನೇ ಆಡಿಸುವಂಥದು. ಅಂಥ ಗಾಳಿ ಇಲ್ಲಿ ಬೀಸುವುದು ಆಗೊಮ್ಮೆ ಈಗೊಮ್ಮೆ. ವರ್ಷದ ಉಳಿದ ಹೊತ್ತಿನಲ್ಲಿ ಯಂತ್ರ ಎಷ್ಟು ಕೊಡುತ್ತದೆ ಎಂಬುದೇ ಕೊಳ್ಳುವವರು ಕೇಳಬೇಕಾದ ಪ್ರಶ್ನೆ.

ಮರ ಮತ್ತು ಮಹಡಿಗಳ ಅಡ್ಡಿ

ಗಾಳಿ ನೀರಿನಂತೆ ಹರಿಯುವ ವಸ್ತು. ಹೊಳೆಯ ನಡುವಿನ ಬಂಡೆಯ ಹಿಂದೆ ಸುಳಿ ಏಳುವಂತೆ, ಮರ ಮತ್ತು ಕಟ್ಟಡಗಳ ಹಿಂದೆ ಗಾಳಿ ಸುಳಿಯಾಗಿ ತಿರುಗುತ್ತದೆ. ಸುಳಿಗಾಳಿಯಲ್ಲಿ ಶಕ್ತಿ ಕಡಿಮೆ, ಯಂತ್ರಕ್ಕೆ ಸವೆತ ಹೆಚ್ಚು. ಆದುದರಿಂದ ಸುತ್ತಲಿನ 100ರಿಂದ 150 ಮೀಟರ್ ಒಳಗೆ ಇರುವ ಎಲ್ಲ ಮರ, ಕಟ್ಟಡಗಳಿಗಿಂತ ಯಂತ್ರವು ಕನಿಷ್ಠ 10 ಮೀಟರ್ ಎತ್ತರದಲ್ಲಿರಬೇಕು ಎಂಬುದು ಸಾಮಾನ್ಯ ನಿಯಮ.

ನಂತೂರಿಗೆ ಇದನ್ನು ಅನ್ವಯಿಸಿ ನೋಡಿ. ಇಲ್ಲಿ ತೆಂಗು, ಹಲಸು, ಮಾವಿನ ಮರಗಳಿವೆ; ನಡುನಡುವೆ ಬಹುಮಹಡಿಯ ಕಟ್ಟಡಗಳು ಎದ್ದಿವೆ. 60 ಅಡಿ ಎತ್ತರದ ತೆಂಗಿನ ಮರ ಪಕ್ಕದಲ್ಲಿದ್ದರೆ ಗೋಪುರ 90 ಅಡಿಗಿಂತ ಮೇಲೇರಬೇಕು. ಅಡಿಕೆ ತೋಟದ ನಡುವಿನ ಮನೆಗೂ ಇದೇ ಮಾತು. ಹಂಚಿನ ಮಾಡಿನ ಮೇಲೆ ಹತ್ತಡಿಯ ಕಂಬ ನೆಟ್ಟರೆ ಯಂತ್ರ ತಿರುಗುವುದು ಕಣ್ಣಿಗೆ ಕಾಣಬಹುದು. ಮೀಟರಿನಲ್ಲಿ ಹೆಚ್ಚೇನೂ ಕಾಣದು.

ಇದು ಬರೀ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಗಾಳಿಯಂತ್ರಗಳ ಉತ್ಪತ್ತಿಯನ್ನು 2007-08ರಲ್ಲಿ ಅಳೆಯಲಾಯಿತು. ವಾರ್ವಿಕ್ ಪರೀಕ್ಷೆ ಎಂದು ಹೆಸರಾದ ಇದರ ವರದಿ 2009ರಲ್ಲಿ ಹೊರಬಂತು. ಯಂತ್ರ ನಿಂತಿದ್ದ ದಿನಗಳನ್ನೂ ಸೇರಿಸಿದರೆ ಒಂದೊಂದು ಯಂತ್ರ ದಿನಕ್ಕೆ ಕೊಟ್ಟದ್ದು ಸರಾಸರಿ 214 ವ್ಯಾಟ್-ಗಂಟೆ, ಅಂದರೆ ಕಾಲು ಯೂನಿಟ್ಟಿಗಿಂತ ಕಡಿಮೆ. ಎತ್ತರದ ಕಟ್ಟಡಗಳ ಮೇಲಿದ್ದವು ಚೆನ್ನಾಗಿ ಕೆಲಸ ಮಾಡಿದರೂ ಸದ್ದಿನ ಬಗ್ಗೆ ನಿವಾಸಿಗಳ ದೂರು ಬಂದು ಅವನ್ನು ನಿಲ್ಲಿಸಬೇಕಾಯಿತು.

ಹಣದ ಲೆಕ್ಕ

ಗೋಪುರ, ಬ್ಯಾಟರಿ, ಜೋಡಣೆ ಎಲ್ಲ ಸೇರಿ 1.5 ಲಕ್ಷ ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ವಿದ್ಯುತ್ತಿನ ಬೆಲೆ ಯೂನಿಟ್ಟಿಗೆ 7 ರೂಪಾಯಿ ಎಂದಿರಲಿ. ಯಂತ್ರದ ಎತ್ತರದಲ್ಲಿ ವರ್ಷದ ಸರಾಸರಿ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ, 13 ವ್ಯಾಟಿನಂತೆ ದಿನಕ್ಕೆ 0.3 ಯೂನಿಟ್. ಗಾಳಿ ಒಂದೇ ಸಮನೆ ಬೀಸದೆ, ಜೋರಾದ ಗಳಿಗೆಗಳಲ್ಲಿ ಹೆಚ್ಚು ಉತ್ಪತ್ತಿಯಾಗುವುದರಿಂದ ಇದನ್ನು ಎರಡರಷ್ಟು ಮಾಡಿ 0.6 ಯೂನಿಟ್ ಎಂದೇ ಹಿಡಿಯಬಹುದು. ವರ್ಷಕ್ಕೆ ಸುಮಾರು 220 ಯೂನಿಟ್. ಹಣದಲ್ಲಿ 1,540 ರೂಪಾಯಿ. ಅಸಲು ಮರಳಲು 97 ವರ್ಷ ಬೇಕು. ಯಂತ್ರ ಅಷ್ಟು ಕಾಲ ಬಾಳುವುದಿಲ್ಲ. ಬ್ಯಾಟರಿಯನ್ನಂತೂ ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕು. ಸಾಲ ಮಾಡಿದ್ದರೆ ಶೇಕಡಾ 9ರ ದರದಲ್ಲಿ ಮೊದಲ ವರ್ಷದ ಬಡ್ಡಿಯೇ 13,500 ರೂಪಾಯಿ.

ಸರಾಸರಿ ವೇಗ 6 ಮೀಟರ್ ಇರುವ ಜಾಗದಲ್ಲಿ ಇದೇ ಯಂತ್ರ ವರ್ಷಕ್ಕೆ ಸುಮಾರು 1,700 ಯೂನಿಟ್ ಕೊಡಬಲ್ಲದು. ಆಗ 12-13 ವರ್ಷಗಳಲ್ಲಿ ಅಸಲು ಮರಳೀತು. ಯಂತ್ರ ಅದೇ, ಬೆಲೆಯೂ ಅದೇ. ಬದಲಾದದ್ದು ಜಾಗ ಮಾತ್ರ.

ಇದರ ಪಕ್ಕದಲ್ಲಿ 1 ಕಿಲೋವ್ಯಾಟ್ ಸೌರ ಫಲಕಗಳನ್ನಿಟ್ಟು ನೋಡಿ. ಕರಾವಳಿಯ ಮಳೆ, ಮೋಡಗಳನ್ನು ಕಳೆದೂ ವರ್ಷಕ್ಕೆ ಸುಮಾರು 1,300 ಯೂನಿಟ್ ನಿರೀಕ್ಷಿಸಬಹುದು. ತಿರುಗುವ ಭಾಗವಿಲ್ಲ, ಸದ್ದಿಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000 ರೂಪಾಯಿ ಸಹಾಯಧನ ನಿಗದಿಯಾಯಿತು. ಆದರೆ 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಯಾರ ಮನೆಯ ಬಿಲ್ಲು ಶೂನ್ಯಕ್ಕಿಳಿದಿದೆಯೋ ಅವರಿಗೆ ಗಾಳಿಯಾಗಲಿ ಸೌರವಾಗಲಿ ಬಿಲ್ಲಿನಲ್ಲಿ ಉಳಿಸಿಕೊಡುವುದು ಏನೂ ಇಲ್ಲ ಎಂಬುದನ್ನೂ ಮರೆಯಬಾರದು.

ಮಳೆಗಾಲದ ಕತ್ತಲೆಗೆ ಪರಿಹಾರ

ಮಳೆಗಾಲದಲ್ಲಿ ಬಿಸಿಲಿಲ್ಲ, ಗಾಳಿ ಇದೆ. ಆದುದರಿಂದ ಗಾಳಿಯಂತ್ರವೇ ಮೇಲು ಎಂಬ ವಾದವಿದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಬಯಲಾದ ಗುಡ್ಡದ ನೆತ್ತಿಯಲ್ಲಿ ಇದು ನಿಜವಾಗಬಹುದು. ಮರಗಳ ನಡುವಿನ ಮನೆಗೆ ಮಾತ್ರ ಮಳೆಗಾಲದ ಗಾಳಿಯೂ ಬಿಟ್ಟು ಬಿಟ್ಟು ಬರುವ ಹೊಡೆತವಾಗಿ, ಸುಳಿಯಾಗಿ ತಲಪುತ್ತದೆ. ಉಪ್ಪುಗಾಳಿಯಿಂದ ತುಕ್ಕು, ಎತ್ತರದ ಕಂಬಕ್ಕೆ ಸಿಡಿಲಿನ ಭಯ ಇವೂ ಸೇರುತ್ತವೆ.

ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಸೌರ ಘಟಕವೂ ಕರೆಂಟು ಹೋದಾಗ ತಾನಾಗಿಯೇ ನಿಲ್ಲುತ್ತದೆ. ತಂತಿ ಸರಿಪಡಿಸುವ ಲೈನ್‌ಮನ್‌ಗಳ ಜೀವರಕ್ಷಣೆಗಾಗಿ ಹಾಗೆ ಮಾಡಲಾಗಿದೆ. ಕತ್ತಲೆಯೇ ಮುಖ್ಯ ತೊಂದರೆಯಾಗಿದ್ದಲ್ಲಿ ಅದಕ್ಕೆ ಕಡಿಮೆ ಖರ್ಚಿನ ಉಪಾಯ ಇನ್ವರ್ಟರ್ ಮತ್ತು ಬ್ಯಾಟರಿ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಸುರಕ್ಷಿತವಾಗಿ ಸುಮಾರು 1 ಯೂನಿಟ್ ಬಳಸಬಹುದು. 9 ವ್ಯಾಟಿನ ನಾಲ್ಕು ಎಲ್ಇಡಿ ದೀಪ, 30 ವ್ಯಾಟಿನ ಎರಡು ಫ್ಯಾನುಗಳಿಗೆ ಇದು ಇಡೀ ರಾತ್ರಿಗೆ ಸಾಕು. ಎರಡು ಮೂರು ದಿನ ಕರೆಂಟು ಬಾರದ ಊರುಗಳಲ್ಲಿ ಇದೇ ಬ್ಯಾಟರಿಗೆ ಒಂದೆರಡು ಸೌರ ಫಲಕ ಜೋಡಿಸಿಕೊಳ್ಳಬಹುದು.

ಎಲ್ಲಿ ಸೂಕ್ತ?

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದಂಥ ಕಡೆಗಳಲ್ಲಿ ದೊಡ್ಡ ಗಾಳಿಯಂತ್ರಗಳು ನಿಂತಿರುವುದಕ್ಕೆ ಕಾರಣವಿದೆ. ಅಲ್ಲಿ ಅಡ್ಡಿಯಿಲ್ಲದ ಬೆಟ್ಟಸಾಲುಗಳ ಮೇಲೆ ಗಾಳಿ ನೇರವಾಗಿ ಹಾಯುತ್ತದೆ. ಅಂಥ ಬಯಲಿನಲ್ಲಿ, ವಿದ್ಯುತ್ ತಂತಿ ತಲಪದ ತೋಟದ ಮನೆಗಳಿಗೆ ಸೌರ ಫಲಕದ ಜೊತೆಗಾರನಾಗಿ ಸಣ್ಣ ಗಾಳಿಯಂತ್ರ ಉಪಯುಕ್ತ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಟ್ಟಿದ ಹಿರಿಯರು ಕಣವನ್ನೂ ಗಾಳಿ ಹಾಯುವ ಕಡೆಯೇ ಮಾಡಿಕೊಂಡಿದ್ದರು.

ಕೊಳ್ಳುವ ಮೊದಲು

1. ಯಂತ್ರ ನಿಲ್ಲಬೇಕಾದ ಎತ್ತರದಲ್ಲಿ ಬಟ್ಟೆಯ ಪತಾಕೆ ಕಟ್ಟಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಗಮನಿಸಿ ಬರೆದಿಡಿ. ಎಲೆಗಳು ಸರಸರ ಎಂದಷ್ಟೇ ಇದ್ದರೆ ವೇಗ ಸೆಕೆಂಡಿಗೆ 2-3 ಮೀಟರ್. ಹಗುರವಾದ ಪತಾಕೆ ಬಿಚ್ಚಿ ಹಾರಿದರೆ 3.5ರಿಂದ 5. ಧೂಳು, ಕಾಗದ ಎದ್ದು ಸಣ್ಣ ಕೊಂಬೆಗಳು ಆಡಿದರೆ 5.5ರಿಂದ 8.
2. ಪತಾಕೆ ಬಹುಪಾಲು ಹೊತ್ತು ಜೋತುಬಿದ್ದಿದ್ದರೆ ವಿಚಾರವನ್ನು ಅಲ್ಲಿಗೇ ಬಿಡಿ. ಹಾರುತ್ತಿದ್ದರೆ ಮಾತ್ರ ಗಾಳಿಮಾಪಕದಿಂದ ಒಂದು ವರ್ಷ ಅಳೆಯಿಸಿ.
3. ಸೆಕೆಂಡಿಗೆ 4 ಮತ್ತು 5 ಮೀಟರ್ ಸರಾಸರಿ ವೇಗದಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಿರಿ.
4. ಚೆನ್ನೈಯ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯು ಸಣ್ಣ ಗಾಳಿಯಂತ್ರಗಳನ್ನೂ ಪರೀಕ್ಷಿಸುತ್ತದೆ. ಪರೀಕ್ಷೆಯ ವರದಿಯಿಲ್ಲದ ಯಂತ್ರಕ್ಕೆ ಮುಂಗಡ ಕೊಡಬೇಡಿ.
5. ದುರಸ್ತಿಗೆ ಗೋಪುರ ಏರುವವರು ಹತ್ತಿರದಲ್ಲಿ ಯಾರಿದ್ದಾರೆಂದು ಮೊದಲೇ ತಿಳಿದುಕೊಳ್ಳಿ.

ನಂತೂರಿನಂಥ ಮರಗಿಡ, ಕಟ್ಟಡಗಳ ನಡುವಿನ ಮನೆಗಳಿಗೆ ಸಣ್ಣ ಗಾಳಿಯಂತ್ರ ಈಗಿನ ಲೆಕ್ಕದಲ್ಲಿ ಲಾಭದಾಯಕವಲ್ಲ. ಕೈಯಲ್ಲಿ ಹಣವಿದ್ದರೆ ಮೊದಲು ಕಡಿಮೆ ವಿದ್ಯುತ್ ಬಳಸುವ ದೀಪ, ಫ್ಯಾನು, ಪಂಪು, ಆಮೇಲೆ ಇನ್ವರ್ಟರ್, ಬಿಲ್ಲು ಹೆಚ್ಚಿದ್ದಲ್ಲಿ ಸೌರ ಫಲಕ. ಬಯಲು ಗುಡ್ಡದ ಮೇಲೆ ಜಾಗವಿರುವವರು ಮಾತ್ರ ಒಂದು ವರ್ಷ ಗಾಳಿ ಅಳೆದು, ಆ ಲೆಕ್ಕ ಮುಂದಿಟ್ಟುಕೊಂಡು ತೀರ್ಮಾನಿಸುವುದು ಲೇಸು.