ರೋಗಪತ್ತೆಯಲ್ಲಿ ಚಿನ್ನದ ನ್ಯಾನೊ ಕಣಗಳು



ಹೈದರಾಬಾದಿಗೆ ಹೊಂದಿಕೊಂಡ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ರೋಗಿಯ ರಕ್ತದಲ್ಲಿ ಅದನ್ನು ಗುರುತಿಸಲು ಬಹುಕಾಲ ಸೂಕ್ಷ್ಮದರ್ಶಕವೇ ಮುಖ್ಯ ಸಾಧನವಾಗಿತ್ತು. ಅದಿಲ್ಲದ ಹಳ್ಳಿಗಳಲ್ಲಿ ಜ್ವರಪೀಡಿತರು ಕಾಯುತ್ತ ಕೂರುವಂತಿಲ್ಲ. ಫಾಲ್ಸಿಪಾರಮ್ ಮಲೇರಿಯಾಕ್ಕೆ ಚಿಕಿತ್ಸೆ ತಡವಾದರೆ ಪ್ರಾಣಾಪಾಯವುಂಟು.

ಇದಕ್ಕೆ ಉಪಾಯವೆಂದರೆ, ಪರಾವಲಂಬಿಯು ರಕ್ತಕ್ಕೆ ಬಿಡುವ ಎಚ್.ಆರ್.ಪಿ.-2 ಎಂಬ ಪ್ರೋಟೀನನ್ನು ಪತ್ತೆಹಚ್ಚುವುದು. ಇಂದಿನ ಪರೀಕ್ಷಾ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಪ್ರತಿಕಾಯಗಳನ್ನು ಹೊತ್ತ ಚಿನ್ನದ ನ್ಯಾನೊ ಕಣಗಳು ಈ ಪ್ರೋಟೀನಿಗೆ ಅಂಟಿ, ಕೆಂಪು ಗೆರೆಯಾಗಿ ಗೋಚರಿಸುತ್ತವೆ. ಪ್ರೋಟೀನು ಅತ್ಯಲ್ಪವಾಗಿದ್ದರೆ ಮಾತ್ರ ಗೆರೆ ಮೂಡದು.

ಇಲ್ಲಿ ಕಿಣ್ವಗಳು ನೆರವಿಗೆ ಬರುತ್ತವೆ. ಕಿಣ್ವದ ಒಂದು ಅಣುವು ತಾನು ವ್ಯಯವಾಗದೆ ಇತರ ವಸ್ತುವಿನ ಸಾವಿರಾರು ಅಣುಗಳನ್ನು ಮಾರ್ಪಡಿಸಬಲ್ಲದು. ಕಿಣ್ವವನ್ನು ವಿದ್ಯುದಗ್ರದೊಡನೆ ಜೋಡಿಸುವ ವಿಧಾನವನ್ನು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಸೂಚಿಸಿದರು. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಕಿರಿದಾದ ಕಣಗಳಿಗೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಅಪಾರ. ಅದರ ಮೇಲೆ ಪ್ರತಿಕಾಯದ ಜೊತೆಗೆ ಅನೇಕ ಕಿಣ್ವಾಣುಗಳನ್ನು ಕೂರಿಸಿದರೆ, ಒಂದೇ ಪ್ರೋಟೀನು ಸಿಕ್ಕಿದಾಗಲೂ ಸಂಕೇತವು ಹಲವು ಪಟ್ಟು ಪ್ರಬಲವಾಗುತ್ತದೆ. ವಿದ್ಯುದಗ್ರಕ್ಕೆ ಚಿನ್ನದ ಕಣಗಳನ್ನು ಲೇಪಿಸಿದರೆ ಎಲೆಕ್ಟ್ರಾನುಗಳ ಹರಿವೂ ಸುಗಮವಾಗುತ್ತದೆ.

ಆದರೆ ರೋಗ ಗುಣವಾದ ಬಳಿಕವೂ ಈ ಪ್ರೋಟೀನು ಕೆಲವು ವಾರ ರಕ್ತದಲ್ಲಿ ಉಳಿಯಬಹುದು. ಕೆಲವು ಪರಾವಲಂಬಿಗಳು ಅದನ್ನು ತಯಾರಿಸುವುದೇ ಇಲ್ಲ. ಆದ್ದರಿಂದ ಉಪಕರಣದ ಸೂಕ್ಷ್ಮತೆಯೊಂದೇ ಸಾಲದು, ವೈದ್ಯರ ವಿವೇಚನೆಯೂ ಅಗತ್ಯ. ಮಲೇರಿಯಾ ಇರುವ ಪ್ರದೇಶಗಳಲ್ಲಿ ಜ್ವರ ಬಂದ ಕೂಡಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ.